ಹಳೇ ಪುಸ್ತಕ ಯಾವುದು ಓದಲಿ? ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿಯ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಹಳೇ ಪುಸ್ತಕಗಳ ಕಪಾಟುಗಳಿವೆ. ಕೇಳಿದವರಿಗೆ ಓದಲು ಕೊಡುತ್ತೇನೆ. ಒಯ್ಯುವವರಿಗಿಂತ ಪ್ರಶ್ನೆ ಕೇಳುವವರೇ ಜಾಸ್ತಿ. ಎದುರಿಗೆ ಕೂತು ಕೇಳುತ್ತಾರೆ, ಪತ್ರ ಬರೆಯುತ್ತಾರೆ, ವಾಟ್ಸ್ಯಾಪಿನಲ್ಲಿ ಕಳಿಸುತ್ತಾರೆ. ಅವುಗಳಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟು ಉತ್ತರ ಬರೆದಿದ್ದೇನೆ. ಒಂದೆರಡು ಬಿಟ್ಟರೆ ಇಲ್ಲಿ ಹೆಸರಿಸಿದ ಪುಸ್ತಕಗಳೆಲ್ಲ 40 ವರ್ಷಕ್ಕೂ ಹಿಂದಿನವು.

## ಈಗ ಶುರು ಮಾಡುವವರಿಗೆ

ಹೊಸಾ ಪುಸ್ತಕಾನೇ ಇಷ್ಟ್ ಬರ್ತಾವ. ಹಳೇವು ಯಾಕ ಓದಬೇಕ್ರಿ?

ಓದಲೇಬೇಕು ಅಂತ ಏನೂ ಇಲ್ಲ. ಹಳೆಯದು ಅನ್ನುವ ಒಂದೇ ಕಾರಣಕ್ಕೆ ಯಾವ ಪುಸ್ತಕವೂ ದೊಡ್ಡದಾಗುವುದಿಲ್ಲ. ನನ್ನ ಕಪಾಟಿನಲ್ಲೇ ಯಾರಿಗೂ ಕೊಡದ ಹಳೇ ಪುಸ್ತಕ ಬೇಕಾದಷ್ಟಿವೆ. ಉಪದೇಶ ಜಾಸ್ತಿ, ಕಥೆ ಕಮ್ಮಿ.

ಆದರೆ ಹಳೇ ಪುಸ್ತಕದಲ್ಲಿ ಒಂದು ಅನುಕೂಲ ಇದೆ. ಅದರ ಜಾಹೀರಾತು ಮುಗಿದಿರುತ್ತದೆ. ಬಿಡುಗಡೆ ಸಮಾರಂಭ, ಹೊಗಳಿದ ಗೆಳೆಯರು, ಬೈದ ಎದುರಾಳಿಗಳು ಎಲ್ಲರೂ ಹೋಗಿರುತ್ತಾರೆ. ಇಷ್ಟಾದ ಮೇಲೂ ಜನ ಅದನ್ನು ಕೇಳಿಕೊಂಡು ಬರುತ್ತಾರೆ ಅಂದರೆ ಒಳಗೆ ಏನೋ ಇದೆ ಅಂತ ಅರ್ಥ. ನಾನು ಮಾಡುವ ಪರೀಕ್ಷೆ ಸರಳ. ಮೊದಲ 30 ಪುಟ ಓದಿ. ಲೇಖಕರ ಹೆಸರು, ಪ್ರಶಸ್ತಿ, ಮುನ್ನುಡಿ ಎಲ್ಲ ಮರೆತುಬಿಡಿ. ಮುಂದೇನಾಯಿತು ಅಂತ ಅನ್ನಿಸಿದರೆ ಓದಿ. ಅನ್ನಿಸದಿದ್ದರೆ ಸುಮ್ನೆ ಮುಚ್ಚಿಡಿ. ಪುಸ್ತಕಕ್ಕೆ ಬೇಜಾರಾಗುವುದಿಲ್ಲ.

ಒಂದೇ ಒಂದ್ ಪುಸ್ತಕ ಹೇಳ್ರಿ ಸರ್. ಎಲ್ಲಿಂದ ಸುರು ಮಾಡ್ಲಿ?

ಶಿವರಾಮ ಕಾರಂತರ ‘ಚೋಮನ ದುಡಿ’. 1933ರಲ್ಲಿ ಬಂದ ಸಣ್ಣ ಕಾದಂಬರಿ. ಒಂದು ಭಾನುವಾರ ಸಾಕು.

ಚೋಮನಿಗೆ ಬೇಕಾಗಿದ್ದು ಬಹಳ ಇಲ್ಲ. ಅವನ ಹತ್ತಿರ ಎತ್ತುಗಳಿವೆ, ಉಳಲು ಒಂದು ತುಂಡು ಹೊಲ ಬೇಕು, ಅಷ್ಟೇ. ಹುಟ್ಟಿದ ಜಾತಿಯ ಕಾರಣಕ್ಕೆ ಅದು ಸಿಗುವುದಿಲ್ಲ. ಕಾಫಿ ತೋಟದ ಸಾಲ ತಲೆಯ ಮೇಲಿದೆ. ಸಿಟ್ಟು, ದುಃಖ ಎರಡನ್ನೂ ಅವನು ದುಡಿ ಬಾರಿಸಿ ತೀರಿಸಿಕೊಳ್ಳುತ್ತಾನೆ. ಕಥೆ ನಡೆಯುವುದು ಕರಾವಳಿಯಲ್ಲಿ. ಆದರೆ ಹಿಂದೆ ಯಾರದೋ ಹೊಲದಲ್ಲಿ ಜೀತಕ್ಕಿದ್ದ ಮನೆತನದವರು ನಮ್ಮಲ್ಲೂ ಇದ್ದಾರೆ. ಅಂಥ ಓದುಗರು ಈ ಪುಸ್ತಕ ತಿರುಗಿ ಕೊಡುವಾಗ ಬೇರೆ ಥರ ಮಾತಾಡುತ್ತಾರೆ. ಕರಾವಳಿಯ ಮಳೆ, ಕಾಡು ಅವರಿಗೆ ಗೊತ್ತಿಲ್ಲ. ಸಾಲದ ಲೆಕ್ಕ ಮಾತ್ರ ಚೆನ್ನಾಗಿ ಗೊತ್ತು.

ಇನ್ನೊಂದು ಮಾತು. ಕಾರಂತರು ಇಲ್ಲಿ ಕಣ್ಣೀರು ಹಿಂಡುವುದಿಲ್ಲ. ಆದದ್ದನ್ನು ಆದ ಹಾಗೆ ಹೇಳಿ ಸುಮ್ಮನಾಗುತ್ತಾರೆ. ಹೊಸ ಓದುಗರಿಗೆ ಇದು ಬಹಳ ಹಿಡಿಸುತ್ತದೆ.

ಡ್ಯೂಟಿ ಮುಗಿಸಿ ಬಂದ್ರ ರಾತ್ರಿ ಆಗ್ತದ. ದಪ್ಪಂದು ಬ್ಯಾಡ, ಹತ್ತು ಪುಟದಾಗ ಮುಗಿಯೋದು ಏನರ ಅದನಾ?

ಮಾಸ್ತಿಯವರ ಸಣ್ಣ ಕಥೆಗಳು. ‘ಮೊಸರಿನ ಮಂಗಮ್ಮ’ದಿಂದ ಶುರು ಮಾಡಿ. ಮೊಸರು ಮಾರುವ ಅತ್ತೆ, ಮನೆಯಲ್ಲಿ ಸೊಸೆ, ನಡುವೆ ಮೊಮ್ಮಗ. ಜಗಳ ಯಾರ ಮನೆಯಲ್ಲೂ ನಡೆಯುವಂಥದ್ದೇ. ಮಾಸ್ತಿಯವರು ಯಾರನ್ನೂ ಕೆಟ್ಟವರನ್ನಾಗಿ ಮಾಡದೆ ಅದನ್ನು ಮುಗಿಸುವ ರೀತಿ ನೋಡಿ.

ನಗು ಬೇಕು ಅಂದರೆ ಗೊರೂರು ರಾಮಸ್ವಾಮಿ ಅಯ್ಯಂಗಾರರ ‘ಹಳ್ಳಿಯ ಚಿತ್ರಗಳು’, 1930ರದ್ದು. ಒಂದೊಂದು ಪ್ರಬಂಧವನ್ನೂ ಬಿಡಿಯಾಗಿ ಓದಬಹುದು.

ನಮ್ಮ ಕಡೀದು ಏನರ ಅದನೋ ಇಲ್ಲೋ? ಎಲ್ಲಾ ಮೈಸೂರು, ಮಂಗಳೂರು ಕಡೀವೇ ಹೇಳ್ತೀರಿ.

ಈ ಪ್ರಶ್ನೆ ಕೇಳಿದಾಗ ನನಗೆ ಖುಷಿಯಾಗುತ್ತದೆ. ಮೊದಲು ಕಾರಣ ಹೇಳುತ್ತೇನೆ. 1948ರ ಸೆಪ್ಟೆಂಬರ್‌ವರೆಗೆ ನಾವು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದೆವು. ಆಡಳಿತ ಉರ್ದುವಿನಲ್ಲಿ, ಶಾಲೆಯ ಓದೂ ಹೆಚ್ಚಾಗಿ ಉರ್ದುವಿನಲ್ಲೇ. ಕನ್ನಡ ಪುಸ್ತಕ ಅಚ್ಚಾಗುತ್ತಿದ್ದದ್ದು ಧಾರವಾಡ, ಮೈಸೂರು, ಬೆಂಗಳೂರು, ಮಂಗಳೂರಿನಲ್ಲಿ. ಬಿ.ಎಂ. ಶ್ರೀಕಂಠಯ್ಯನವರ ಅಧ್ಯಕ್ಷತೆಯಲ್ಲಿ 1928ರಲ್ಲೇ ಕಲಬುರಗಿಯಲ್ಲಿ ಸಾಹಿತ್ಯ ಸಮ್ಮೇಳನ ಆಗಿತ್ತು, ನಿಜ. ಅಂದರೆ ಓದುವ ಆಸೆ ಇತ್ತು, ಅಚ್ಚಿನ ಮನೆಗಳು ಇರಲಿಲ್ಲ. ಹಾಗಾಗಿ ಆ ಕಾಲದ ನಮ್ಮ ಭಾಗದ ಕಾದಂಬರಿಗಳು ಕಮ್ಮಿ. ಬೇರೆ ಥರದ್ದು ಬೇಕಾದಷ್ಟಿದೆ.

ಕಾದಂಬರಿಗೆ ಗೀತಾ ನಾಗಭೂಷಣ. ಕಲಬುರಗಿ ಪಕ್ಕದ ಸಾವಳಗಿಯವರು. ‘ಹಸಿಮಾಂಸ ಮತ್ತು ಹದ್ದುಗಳು’ ಮೊದಲು ಓದಿ. ಇದೇ ಕಥೆ ‘ಹೆಣ್ಣಿನ ಕೂಗು’ ಅಂತ ಸಿನಿಮಾ ಕೂಡ ಆಯಿತು. ಆಮೇಲೆ ‘ಬದುಕು’. ಇದು ಅಷ್ಟು ಹಳೆಯದಲ್ಲ, 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು. ಆದರೂ ಸೇರಿಸುತ್ತೇನೆ. ನಮ್ಮ ಓಣಿಯ ಮಾತು, ನಮ್ಮ ಬೈಗುಳ, ನಮ್ಮ ಹೆಣ್ಣುಮಕ್ಕಳ ದುಡಿಮೆ ಇಷ್ಟು ದಪ್ಪ ಪುಸ್ತಕದಲ್ಲಿ, ನಾಚಿಕೆ ಇಲ್ಲದೆ, ಬೇರೆಲ್ಲಿ ಬಂದಿದೆ ಹೇಳಿ? ಬೆಂಗಳೂರಿನ ಓದುಗರಿಗೆ ಕೆಲವು ಮಾತು ತಿಳಿಯುವುದಿಲ್ಲ. ಒಂದು ಸಲವಾದರೂ ಅವರು ನಮ್ಮನ್ನು ಕೇಳಲಿ, ಅಲ್ವಾ?

ಕವಿತೆಗೆ ಚೆನ್ನಣ್ಣ ವಾಲೀಕಾರ. ‘ಕರಿತೆಲಿ ಮಾನವನ ಜೀಪದ’ ಬಾಯಿಬಿಟ್ಟು ಓದಬೇಕಾದ ಪದ್ಯಗಳು. ‘ವ್ಯೋಮಾವ್ಯೋಮ’ ಮಹಾಕಾವ್ಯ, ಅದಕ್ಕೆ ತಾಳ್ಮೆ ಬೇಕು. ಬಸವಕಲ್ಯಾಣದಲ್ಲಿ ನೆಲೆಸಿದ್ದ ಜಯದೇವಿತಾಯಿ ಲಿಗಾಡೆ ಸಿದ್ಧರಾಮೇಶ್ವರರ ಪುರಾಣವನ್ನು ತ್ರಿಪದಿಯಲ್ಲಿ ಬರೆದರು. ಬೀಸುವ ಕಲ್ಲಿನ ಪದ ಕೇಳಿ ಬೆಳೆದವರಿಗೆ ಆ ಲಯ ಕೂಡಲೇ ಹತ್ತುತ್ತದೆ. 1974ರ ಮಂಡ್ಯ ಸಮ್ಮೇಳನದ ಅಧ್ಯಕ್ಷರು ಅವರೇ. ಆ ಪೀಠದಲ್ಲಿ ಕೂತ ಮೊದಲ ಹೆಣ್ಣುಮಗಳು.

ಇನ್ನು ತತ್ವಪದ. ಕಡಕೋಳ ಮಡಿವಾಳಪ್ಪನವರ ಪದಗಳನ್ನು ಭಜನೆಯಲ್ಲಿ ಕೇಳಿರುತ್ತೀರಿ. ಅವನ್ನೇ ಪುಸ್ತಕದಲ್ಲಿ ನಿಧಾನಕ್ಕೆ ಓದಿ. ಅವರ ಶಿಷ್ಯ ಪರಂಪರೆಯಲ್ಲಿ ಚನ್ನೂರ ಜಲಾಲ ಸಾಹೇಬರೂ ಬರುತ್ತಾರೆ. ಮಠ ಯಾವುದು, ದರ್ಗಾ ಯಾವುದು ಅಂತ ಹೆಚ್ಚು ತಲೆ ಕೆಡಿಸಿಕೊಳ್ಳದ ನಮ್ಮ ಊರುಗಳ ಹಳೇ ರೂಢಿ ಈ ಪದಗಳಲ್ಲಿ ಹಾಗೇ ಉಳಿದಿದೆ. ಜಾತ್ರೆಯಲ್ಲಿ ಪುಸ್ತಕದ ಅಂಗಡಿ ಕಂಡರೆ ಕೇಳಿ ನೋಡಿ, ತೆಳು ಕಾಗದದ ಅಗ್ಗದ ಪ್ರತಿ ಸಿಗಬಹುದು.

ಮಗಳು ಐದನೇತ್ತ ಅದಾಳ. ಮೊಬೈಲ್ ಬಿಡವಲ್ಲಳು. ಅಕಿಗೆ ಯಾವ್ದು ಕೊಡ್ಲಿ?

ಮೊದಲು ಪುಸ್ತಕ ಕೊಡಬೇಡಿ. ನೀವೇ ಓದಿ ಹೇಳಿ. ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ ಇದಕ್ಕೆ ಹೇಳಿ ಮಾಡಿಸಿದ್ದು. ಇಲಿಗಳು ಓಡುವ ಭಾಗ ಬಂದಾಗ ದನಿ ಏರಿಸಿ ಓದಿದರೆ ಯಾವ ಮಗುವೂ ಎದ್ದು ಹೋಗುವುದಿಲ್ಲ. ಪಂಜೆ ಮಂಗೇಶರಾಯರ ಮಕ್ಕಳ ಕಥೆ, ಜಿ.ಪಿ. ರಾಜರತ್ನಂ ಅವರ ಪದ್ಯಗಳೂ ಇನ್ನೂ ಸವೆದಿಲ್ಲ. ಪ್ರಶ್ನೆ ಕೇಳುವ ಮಗುವಾದರೆ ದುರ್ಗಸಿಂಹನ ಪಂಚತಂತ್ರದ ಕಥೆಗಳನ್ನು ಸರಳ ಗದ್ಯದಲ್ಲಿ ಹೇಳಿ.

ಕೆಎಎಸ್, ಪಿಡಿಒ ಪರೀಕ್ಷಾಕ್ಕ ಇವು ಉಪಯೋಗ ಆಗ್ತಾವೇನ್ರಿ?

ಸ್ವಲ್ಪ ಆಗುತ್ತವೆ. ಆದರೆ ಅದಕ್ಕಾಗಿ ಓದಬೇಡಿ. ಪರೀಕ್ಷೆಗೆ ಕೃತಿ, ಕರ್ತೃ, ಇಸವಿ ಸಾಕು. ಅದು ಗೈಡಿನಲ್ಲಿ ಸಿಗುತ್ತದೆ. ದಿನವಿಡೀ ಓದಿ ತಲೆ ಕಾದಾಗ ಮಲಗುವ ಮೊದಲು ಒಂದು ಕಥೆ ಓದಿ, ಅಷ್ಟೇ.

## ಒಂದಿಷ್ಟು ಓದಿದವರಿಗೆ

ವಚನ ಕೇಳಿ ಕೇಳಿ ಸಾಕಾಗ್ಯದ. ಗ್ವಾಡಿ ಮ್ಯಾಲ, ಬಸ್ಸಿನ್ಯಾಗ, ಭಾಷಣದಾಗ ಅವೇ. ಪುಸ್ತಕ ಬ್ಯಾರೆ ಯಾಕ ಬೇಕು?

ಗೋಡೆಯ ಮೇಲೆ ಬರೆಯುವುದು ಹತ್ತೋ ಹನ್ನೆರಡೋ ವಚನ ಮಾತ್ರ, ಅದಕ್ಕೇ ಬೇಕು. ಅವೂ ಒಳ್ಳೆಯವೇ, ಆದರೆ ಬಳಸಿ ಬಳಸಿ ನುಣುಪಾಗಿವೆ. ಪುಸ್ತಕ ತೆರೆದರೆ ಬೇರೆ ಲೋಕ. ಜಗಳ ಇದೆ, ಅನುಮಾನ ಇದೆ, ದೇವರನ್ನೇ ಗದರುವ ದನಿ ಇದೆ.

ಒಂದು ಉದಾಹರಣೆ ನೋಡಿ. ಯಾದಗಿರಿ ಜಿಲ್ಲೆಯ ಸುರಪುರ ಸೀಮೆಯ ಮುದನೂರಿನ ದೇವರ ದಾಸಿಮಯ್ಯ ಬಸವಣ್ಣನವರಿಗಿಂತ ಹಿಂದಿನವನು. ‘ಒಡಲುಗೊಂಡವ ಹಸಿವ, ಒಡಲುಗೊಂಡವ ಹುಸಿವ’ ಅಂತ ಶುರು ಮಾಡುತ್ತಾನೆ. ಮೈ ಇದ್ದವನಿಗೆ ಹಸಿವಾಗುತ್ತದೆ, ಮೈ ಇದ್ದವನು ಸುಳ್ಳು ಹೇಳುತ್ತಾನೆ. ಇಲ್ಲಿವರೆಗೆ ತಪ್ಪೊಪ್ಪಿಗೆಯ ಹಾಗೆ ಕೇಳುತ್ತದೆ. ಮುಂದಿನ ಸಾಲಿನಲ್ಲಿ ತಿರುಗಿ ನಿಲ್ಲುತ್ತಾನೆ. ಮೈ ಇದೆ ಅಂತ ನನ್ನನ್ನು ಗದರಬೇಡ, ನೀನೂ ಒಮ್ಮೆ ನನ್ನಂತೆ ಮೈ ತಳೆದು ನೋಡು, ರಾಮನಾಥ, ಅನ್ನುತ್ತಾನೆ. ಐದಾರು ಸಾಲಿನೊಳಗೆ ಆರೋಪಿಯೇ ನ್ಯಾಯಾಧೀಶನನ್ನು ಕಟಕಟೆಗೆ ಕರೆಯುತ್ತಾನೆ. ಇದನ್ನು ಬಸ್ಸಿನಲ್ಲಿ ಬರೆಯುವುದು ಕಷ್ಟ.

ಇವೆಲ್ಲ ನಮಗೆ ಸಿಕ್ಕಿದ್ದೂ ಸುಲಭವಾಗಿ ಅಲ್ಲ. ಫ.ಗು. ಹಳಕಟ್ಟಿಯವರು ಊರೂರು ತಿರುಗಿ ತಾಳೆಗರಿ, ಹಸ್ತಪ್ರತಿ ಕೂಡಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ ಹೊರತಂದರು. ಪ್ರಕಟಣೆಯ ಖರ್ಚಿಗೆ ಮನೆಯನ್ನೇ ಮಾರಿದರು. ಆಮೇಲೆ ಸರ್ಕಾರದಿಂದ ಸಮಗ್ರ ವಚನ ಸಂಪುಟ 15 ಭಾಗಗಳಲ್ಲಿ ಬಂತು. ಅಷ್ಟೂ ಮನೆಯಲ್ಲಿ ಇಡಬೇಕಾಗಿಲ್ಲ. ಎಲ್. ಬಸವರಾಜು ಸಂಪಾದಿಸಿದ ಅಲ್ಲಮನ ವಚನಗಳು, ಒಂದು ಬಸವಣ್ಣ, ಒಂದು ಅಕ್ಕಮಹಾದೇವಿ ಸಾಕು. ದಿನಕ್ಕೆ ಒಂದೇ ವಚನ ಓದಿ. ಹತ್ತು ಒಟ್ಟಿಗೆ ಓದಿದರೆ ಒಂದೂ ನೆನಪಿರುವುದಿಲ್ಲ.

ಕುವೆಂಪು, ಕಾರಂತರ ಕಾಡು ಮಳೆ ನಮಗ ಹತ್ತಂಗಿಲ್ಲ. ಬಯಲ ಸೀಮೀ ಹಳೇ ಕಾದಂಬರಿ ಹೇಳ್ರಿ.

ರಾವಬಹಾದ್ದೂರರ ‘ಗ್ರಾಮಾಯಣ’, 1957. ಇದರಲ್ಲಿ ನಾಯಕ ಅಂತ ಒಬ್ಬ ಇಲ್ಲ, ಊರೇ ನಾಯಕ. ಗೌಡಕಿ, ಕುಲಕರ್ಣಿಕಿ, ಪಾರ್ಟಿ, ಜಗಳ, ಒಬ್ಬರ ಮೇಲೊಬ್ಬರಿಗೆ ಹಗೆ. ಊರು ಹೇಗೆ ಒಳಗಿನಿಂದಲೇ ಕೊಳೆಯುತ್ತದೆ ಅನ್ನುವುದನ್ನು ಬಿಡದೆ ತೋರಿಸುತ್ತಾರೆ. ಗ್ರಾಮ ಪಂಚಾಯತಿ ಚುನಾವಣೆ ಹತ್ತಿರದಿಂದ ನೋಡಿದವರು ಇದನ್ನು ಓದಿ ಒಂದೆರಡು ಸಲ ನಗುತ್ತಾರೆ, ಆಮೇಲೆ ನಗುವುದಿಲ್ಲ. ಪಾತ್ರಗಳು ಜಾಸ್ತಿ. ಹೆಸರುಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡರೆ ಗೊಂದಲ ಆಗುವುದಿಲ್ಲ.

ಅದಕ್ಕೂ ಒಂದು ವರ್ಷ ಮೊದಲು ಬಂದದ್ದು ಶಂಕರ ಮೊಕಾಶಿ ಪುಣೇಕರರ ‘ಗಂಗವ್ವ ಗಂಗಾಮಾಯಿ’. ಧಾರವಾಡ ಸೀಮೆಯ ಆಡುಮಾತು. ವಿಧವೆ ತಾಯಿ, ಬೆಳೆದ ಮಗ, ಸಂಬಂಧಿಕರ ಆಸ್ತಿ ಲೆಕ್ಕಾಚಾರ. ಎರಡರಲ್ಲಿ ಒಂದೇ ಓದುವುದಾದರೆ ನಾನು ‘ಗಂಗವ್ವ’ ಅನ್ನುತ್ತೇನೆ. ಅದರಲ್ಲಿ ಮಾತು ತಾನಾಗಿ ಹರಿಯುತ್ತದೆ.

ಆದರೂ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಬಿಡಬೇಡಿ. ಮೊದಲ ನೂರು ಪುಟ ದಾರಿ ತಪ್ಪಿದ ಹಾಗೆ ಅನ್ನಿಸುತ್ತದೆ. ಬಯಲಿನಲ್ಲಿ ದೂರದ ಊರೂ ಕಾಣುತ್ತದೆ, ಮಲೆನಾಡಿನಲ್ಲಿ ಮುಂದಿನ ತಿರುವೂ ಕಾಣುವುದಿಲ್ಲ. ಆ ಪುಸ್ತಕ ನಡೆಯುವುದೂ ಹಾಗೇ.

ಹಳೇ ಪುಸ್ತಕದಾಗ ಜಾತಿ ಬಗ್ಗೆ, ಹೆಣ್ಮಕ್ಕಳ ಬಗ್ಗೆ ಬರ್ದಿದ್ದು ಓದಿದ್ರ ಸಿಟ್ಟು ಬರ್ತದ. ಅಂಥಾವು ಯಾಕ ಓದಬೇಕು ಸರ್?

ಸಿಟ್ಟು ಬರಲಿ. ಬಂದರೆ ಸರಿಯಾಗಿ ಓದುತ್ತಿದ್ದೀರಿ ಅಂತ ಅರ್ಥ. ಆದರೆ ಎರಡನ್ನು ಬೇರೆ ಬೇರೆ ಇಟ್ಟು ನೋಡಿ. ಪಾತ್ರ ಕೆಟ್ಟದಾಗಿ ಮಾತಾಡುವುದು ಒಂದು. ಲೇಖಕರೇ ಅದನ್ನು ಸರಿ ಅನ್ನುವುದು ಇನ್ನೊಂದು. 1899ರ ‘ಇಂದಿರಾಬಾಯಿ’ಯಲ್ಲಿ ಗುಲ್ವಾಡಿ ವೆಂಕಟರಾಯರು ವಿಧವೆಯ ಓದು, ಮರುಮದುವೆಯ ಪರವಾಗಿ ನಿಂತರು. ಇವತ್ತು ಓದಿದರೆ ಅದರಲ್ಲೂ ಉಪದೇಶದ ವಾಸನೆ ಬರುತ್ತದೆ. ಆದರೆ ಆ ಕಾಲದಲ್ಲಿ ಅಷ್ಟು ಹೇಳುವುದಕ್ಕೇ ಧೈರ್ಯ ಬೇಕಿತ್ತು.

ಲೇಖಕರೇ ಕೀಳಾಗಿ ಕಂಡಿದ್ದಾರೆ ಅನ್ನಿಸಿದರೆ ಮುಚ್ಚಿಟ್ಟು ಎದುರು ದನಿಯ ಪುಸ್ತಕ ತೆಗೆದುಕೊಳ್ಳಿ. ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ 1975ರದ್ದು. ದೇವನೂರ ಮಹಾದೇವರ ‘ಒಡಲಾಳ’ ಒಂದೇ ರಾತ್ರಿಯ ಓದು. ತ್ರಿವೇಣಿಯವರ ‘ಶರಪಂಜರ’ ಸಿನಿಮಾ ನೋಡಿದವರು ಬಹಳ, ಪುಸ್ತಕ ಓದಿದವರು ಕಮ್ಮಿ. ಹೆರಿಗೆಯ ನಂತರ ಮನಸ್ಸು ಕೆಟ್ಟ ಹೆಣ್ಣನ್ನು ಮನೆಯವರೇ ಹೇಗೆ ದೂರ ಇಡುತ್ತಾರೆ ಅನ್ನುವುದನ್ನು ಅವರು ಆಗಲೇ ಬರೆದಿದ್ದರು. ನಮ್ಮ ಮನೆಗಳಲ್ಲಿ ಈ ಮಾತು ಇವತ್ತಿಗೂ ಪಿಸುಗುಟ್ಟಿಯೇ ಆಡುತ್ತಾರೆ.

ಉರ್ದು, ಮರಾಠಿ, ಇಂಗ್ಲಿಷ್‌ನ್ಯಾಗ ನಮ್ಮ ಊರಿಗೆ ಸಂಬಂಧ ಇದ್ದದ್ದು ಏನದ?

ಬಹಳ ಸ್ವಾರಸ್ಯದ್ದು ಒಂದಿದೆ. ಇಂಗ್ಲಿಷ್ ಓದಲು ಬಂದರೆ ಫಿಲಿಪ್ ಮೆಡೋಸ್ ಟೇಲರ್ ಅವರ ಆತ್ಮಕಥೆ ‘ದಿ ಸ್ಟೋರಿ ಆಫ್ ಮೈ ಲೈಫ್’ ಹುಡುಕಿ. ಅವರು ತೀರಿಕೊಂಡ ಮೇಲೆ 1877ರಲ್ಲಿ ಅಚ್ಚಾದದ್ದು. ಟೇಲರ್ 1840ರ ದಶಕದಲ್ಲಿ ಸುರಪುರಕ್ಕೆ ಅಧಿಕಾರಿಯಾಗಿ ಬಂದರು. ಅಲ್ಲಿಯ ಬಾಲರಾಜ ವೆಂಕಟಪ್ಪ ನಾಯಕನ ಮೇಲ್ವಿಚಾರಣೆ ಅವರದು. ಆ ಹುಡುಗ ಟೇಲರ್‌ರನ್ನು ‘ಅಪ್ಪ’ ಅಂತ ಕರೆಯುತ್ತಿದ್ದ. ದೊಡ್ಡವನಾದ ಮೇಲೆ ಅದೇ ಹುಡುಗ 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದ, ಸೆರೆ ಸಿಕ್ಕ, ಸತ್ತ. ಈ ಭಾಗ ಓದುವಾಗ ಟೇಲರ್ ಮಾತನ್ನು ಪೂರಾ ನಂಬಬೇಡಿ. ಪ್ರೀತಿ ಇದ್ದದ್ದು ನಿಜ, ಅವರು ಕಂಪನಿ ಸರ್ಕಾರದ ಕಡೆಯವರು ಅನ್ನುವುದೂ ನಿಜ. ಓದಿ ಮುಗಿಸಿ ಸುರಪುರಕ್ಕೆ ಹೋದರೆ ಗುಡ್ಡದ ಮೇಲೆ ಅವರು ಕಟ್ಟಿಸಿದ ಟೇಲರ್ ಮಂಜಿಲ್ ಇದೆ. ಹೀಗೆ ಓದಿದ ಪುಸ್ತಕದೊಳಗೇ ಹೋಗಿ ನಿಲ್ಲುವ ಅವಕಾಶ ಎಲ್ಲರಿಗೂ ಸಿಗುವುದಿಲ್ಲ.

ಹೈದರಾಬಾದ್ ವಿಮೋಚನೆಯ ಬಗ್ಗೆ ಸ್ವಾಮಿ ರಮಾನಂದ ತೀರ್ಥರ ನೆನಪುಗಳ ಪುಸ್ತಕವೂ ಇಂಗ್ಲಿಷಿನಲ್ಲಿದೆ. ಮೊದಲ ಲೋಕಸಭೆಯಲ್ಲಿ ಅವರು ನಮ್ಮ ಗುಲಬರ್ಗಾದ ಸದಸ್ಯರು. ಹಿಂದಿ–ಉರ್ದು ಕಡೆಯಿಂದ ಪ್ರೇಮಚಂದರ ‘ಗೋದಾನ’, ಮರಾಠಿಯಿಂದ ಸಾನೆ ಗುರೂಜಿಯವರ ‘ಶ್ಯಾಮನ ತಾಯಿ’. ಎರಡೂ ಕನ್ನಡದಲ್ಲಿ ಸಿಗುತ್ತವೆ. ತೊಗರಿ ಬೆಳೆದು ಸಾಲ ಮಾಡಿಕೊಂಡ ಯಾವ ರೈತನೂ ‘ಗೋದಾನ’ದ ನಾಯಕ, ಹೋರಿ ಅನ್ನುವ ರೈತನನ್ನು ಬೇರೆ ಊರಿನವನು ಅನ್ನಲಿಕ್ಕಿಲ್ಲ.

ಅಪ್ಪಾಜಿ ರಿಟೈರ್ ಆಗ್ಯಾರ, ಓದಾಕ ಏನರ ಕೊಡಬೇಕಂತೀನಿ. ಒಳ್ಳೇ ಪುಸ್ತಕದ ಲಿಸ್ಟ್ ಕೊಡ್ರಿ.

ಲಿಸ್ಟ್ ಕೊಡುವುದಿಲ್ಲ. ಮೊದಲು ಅಪ್ಪಾಜಿಯ ಬಗ್ಗೆ ಹೇಳಿ. ಏನು ಕೆಲಸ ಮಾಡುತ್ತಿದ್ದರು? ಪೇಪರಿನಲ್ಲಿ ಮೊದಲು ಯಾವ ಪುಟ ತೆಗೆಯುತ್ತಾರೆ? ಕಣ್ಣು ಹೇಗಿದೆ?

ಹಳೇ ಪುಸ್ತಕ ಹೇಳುವುದರಲ್ಲಿ ನಾವೆಲ್ಲ ಮಾಡುವ ತಪ್ಪು ಇದೇ. ಪುಸ್ತಕದ ಗೌರವ ನೋಡಿ ಹೇಳುತ್ತೇವೆ, ಓದುವವರನ್ನು ನೋಡಿ ಹೇಳುವುದಿಲ್ಲ. ಜೀವನಪೂರ್ತಿ ಕಂದಾಯ ಇಲಾಖೆಯಲ್ಲಿದ್ದವರಿಗೆ ‘ಗ್ರಾಮಾಯಣ’ ಕೊಟ್ಟರೆ ರಾತ್ರಿಯೆಲ್ಲ ಓದುತ್ತಾರೆ. ಅದರೊಳಗಿನ ಖಾತೆ, ಉತಾರ (ಹೊಲದ ದಾಖಲೆ), ವಾಟ್ನಿ (ಆಸ್ತಿ ಪಾಲು) ಜಗಳ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. ಅವರಿಗೇ ಕಷ್ಟದ ಕಾವ್ಯ ಕೊಟ್ಟರೆ ಟಿವಿ ಮೇಲೆ ಇಟ್ಟು ಧೂಳು ಹಿಡಿಸುತ್ತಾರೆ. ಮೇಷ್ಟ್ರಾಗಿದ್ದವರಿಗೆ ಡಿ.ವಿ.ಜಿ.ಯವರ ‘ಜ್ಞಾಪಕ ಚಿತ್ರಶಾಲೆ’ಯ ಯಾವುದಾದರೂ ಒಂದು ಸಂಪುಟ. ಗುಡಿಯಲ್ಲಿ ಶ್ರಾವಣಕ್ಕೆ ಪುರಾಣ ಹಚ್ಚಿದಾಗ ತಪ್ಪದೆ ಹೋಗುವವರಿಗೆ ಚಾಮರಸನ ‘ಪ್ರಭುಲಿಂಗಲೀಲೆ’ಯನ್ನು ಗದ್ಯಾನುವಾದದ ಜೊತೆಗೆ ಕೊಡಿ. ಕಿವಿಗೆ ಆಗಲೇ ಪರಿಚಯ ಇರುವುದರಿಂದ ಕಣ್ಣಿಗೂ ಬೇಗ ಹತ್ತುತ್ತದೆ.

ಅಕ್ಷರ ಸಣ್ಣದಿದ್ದರೆ ಎಷ್ಟೇ ಒಳ್ಳೆಯ ಪುಸ್ತಕವಾದರೂ ಬೇಡ. ಕೊಟ್ಟ ಮೇಲೆ ‘ಓದಿದ್ರಾ?’ ಅಂತ ವಾರವಾರ ಕೇಳಬೇಡಿ. ನೀವೂ ಅದೇ ಪುಸ್ತಕ ಓದಿ, ಊಟಕ್ಕೆ ಕೂತಾಗ ಒಂದು ಪಾತ್ರದ ಮಾತು ತೆಗೆಯಿರಿ. ಅದು ಕೆಲಸ ಮಾಡುತ್ತದೆ.

## ಆಳಕ್ಕೆ ಇಳಿಯುವವರಿಗೆ

ಹಳಗನ್ನಡ ಪಂಡಿತರಿಗೇ ಇರಲಿ ಬಿಡ್ರಿ. ನಮ್ಮಂಥವರು ಓದೋದು ಆಗೋ ಮಾತಾ?

ಆಗುತ್ತದೆ. ಪದ್ಯದಿಂದ ಶುರು ಮಾಡಬೇಡಿ, ಗದ್ಯದಿಂದ ಮಾಡಿ. ಶಿವಕೋಟ್ಯಾಚಾರ್ಯನ ‘ವಡ್ಡಾರಾಧನೆ’ ಸುಮಾರು 10ನೇ ಶತಮಾನದ್ದು. ನಮಗೆ ಉಳಿದಿರುವ ಅತಿ ಹಳೆಯ ಕನ್ನಡ ಗದ್ಯ. 19 ಕಥೆಗಳು. ಜೈನ ಮುನಿಗಳ ಕಥೆ ಅಂದ ಕೂಡಲೇ ಒಣ ವೈರಾಗ್ಯ ಅಂದುಕೊಳ್ಳಬೇಡಿ. ಮೊದಲ ಕಥೆ ಸುಕುಮಾರಸ್ವಾಮಿಯದು. ಅತಿ ಸುಖದಲ್ಲಿ, ಮೈ ನಲುಗದಂತೆ ಬೆಳೆದ ಹುಡುಗ. ಕೊನೆಗೆ ಎಲ್ಲ ಬಿಟ್ಟು ಕಾಡಿನಲ್ಲಿ ತಪಸ್ಸಿಗೆ ನಿಲ್ಲುತ್ತಾನೆ. ಒಂದು ನರಿ ಮರಿಗಳ ಜೊತೆ ಬಂದು ಜೀವಂತ ಅವನ ಮೈ ತಿನ್ನುತ್ತದೆ, ಅವನು ಅಲುಗುವುದಿಲ್ಲ. ಆ ನರಿ ಹಿಂದಿನ ಜನ್ಮದಲ್ಲಿ ಯಾರಾಗಿತ್ತು ಅನ್ನುವುದರಲ್ಲಿ ಕಥೆಯ ಗುಟ್ಟಿದೆ. ಕಥೆಯೊಳಗೆ ಕಥೆ, ಅದರೊಳಗೆ ಇನ್ನೊಂದು. ಮುಂದಿನ ಕಥೆಗಳಲ್ಲಿ ಕಳ್ಳರು, ರಾಜರು, ಚಾಣಕ್ಯ, ಹನ್ನೆರಡು ವರ್ಷದ ಬರಗಾಲ ಎಲ್ಲ ಬರುತ್ತವೆ.

ಓದುವ ಉಪಾಯ ಹೇಳುತ್ತೇನೆ. ಎಡಕ್ಕೆ ಮೂಲ, ಬಲಕ್ಕೆ ಹೊಸಗನ್ನಡ ಇರುವ ಪ್ರತಿ ಇದ್ದರೆ ಒಳ್ಳೆಯದು. ಮೊದಲು ಹೊಸಗನ್ನಡದಲ್ಲಿ ಕಥೆ ತಿಳಿದುಕೊಳ್ಳಿ. ಆಮೇಲೆ ಮೂಲವನ್ನು ದನಿ ತೆಗೆದು ಓದಿ. ಮಾತಿನ ಮೊದಲಿಗೆ ‘ಪ’ ಕಂಡು ಅರ್ಥ ಆಗದಿದ್ದರೆ ‘ಹ’ ಹಾಕಿ ನೋಡಿ. ಪಾಲು ಹಾಲಾಗುತ್ತದೆ, ಪುಲಿ ಹುಲಿಯಾಗುತ್ತದೆ, ಪೋಗು ಹೋಗು ಆಗುತ್ತದೆ. ಇಷ್ಟರಿಂದಲೇ ಎಷ್ಟೋ ಬಾಗಿಲು ತೆರೆಯುತ್ತವೆ.

‘ಕವಿರಾಜಮಾರ್ಗ’ ಆಮೇಲೆ. ಅದು ಕಥೆಯಲ್ಲ, ಕಾವ್ಯ ಹೇಗಿರಬೇಕು ಅಂತ ಹೇಳುವ ಶಾಸ್ತ್ರ. ದಂಡಿಯ ಸಂಸ್ಕೃತ ಗ್ರಂಥದ ನೆರಳು ಅದರ ಮೇಲಿದೆ. ಪೂರ್ತಿ ಓದುವ ಹಟ ಬೇಡ. ಮೂರು ಪರಿಚ್ಛೇದಗಳಲ್ಲಿ ಮೊದಲನೆಯದು ಸಾಕು. ಕಾವೇರಿಯಿಂದ ಗೋದಾವರಿಯವರೆಗಿನ ಕನ್ನಡ ನಾಡಿನ ಮಾತು, ಓದು ಬರಹ ಬಾರದವರೂ ಕಾವ್ಯದ ಮರ್ಮ ಬಲ್ಲರು ಅನ್ನುವ ಮಾತು ಎರಡೂ ಅಲ್ಲೇ ಇವೆ. ಇದು ಹುಟ್ಟಿದ್ದು ರಾಷ್ಟ್ರಕೂಟ ನೃಪತುಂಗನ ಆಸ್ಥಾನದಲ್ಲಿ, 9ನೇ ಶತಮಾನದಲ್ಲಿ. ಆ ರಾಜಧಾನಿ ಮಾನ್ಯಖೇಟ ಅಂದರೆ ನಮ್ಮ ಸೇಡಂ ತಾಲೂಕಿನ ಮಳಖೇಡ. ಈಗ ಸಿಮೆಂಟ್ ಲಾರಿಗಳು ಓಡಾಡುವ ಆ ರಸ್ತೆಯಲ್ಲಿ ಹೋಗುವ ಎಷ್ಟು ಜನರಿಗೆ ಇದು ಗೊತ್ತು?

ಒಂದೇ ಪುಸ್ತಕ ನಾಲ್ಕು ಪ್ರಕಾಶನದವರು ತಂದಾರ. ಯಾವ್ದು ತಗೋಬೇಕು?

ಕಾದಂಬರಿಯಾದರೆ ಅಕ್ಷರ ದೊಡ್ಡದಿರುವ, ಅಚ್ಚಿನ ತಪ್ಪು ಕಮ್ಮಿ ಇರುವ ಪ್ರತಿ ತಗೊಳ್ಳಿ. ಅಂಗಡಿಯಲ್ಲೇ ನಡುವಿನ ಎರಡು ಪುಟ ಓದಿ ನೋಡಿ. ಕಂಪ್ಯೂಟರಿನಲ್ಲಿ ಹೊಸದಾಗಿ ಜೋಡಿಸಿದ ಮರುಮುದ್ರಣಗಳಲ್ಲಿ ಒತ್ತಕ್ಷರ ಬಿಟ್ಟುಹೋಗುವುದು, ಸಾಲು ಜಿಗಿಯುವುದು ಇದೆ. ‘ಸಂಕ್ಷಿಪ್ತ’ ಅಂತ ಒಳಪುಟದಲ್ಲಿ ಸಣ್ಣಗೆ ಬರೆದಿದ್ದರೆ ಬಿಟ್ಟುಬಿಡಿ.

ಹಳಗನ್ನಡ, ವಚನ, ತತ್ವಪದಕ್ಕೆ ಮಾತ್ರ ಸಂಪಾದಕರು ಯಾರು ಅಂತ ನೋಡಲೇಬೇಕು. ಯಾವ ಹಸ್ತಪ್ರತಿಗಳನ್ನು ನೋಡಿದ್ದಾರೆ, ಪಾಠಾಂತರ, ಅಂದರೆ ಬೇರೆ ಪ್ರತಿಗಳಲ್ಲಿ ಬೇರೆ ಥರ ಇರುವ ಪದಗಳನ್ನು ಕೊಟ್ಟಿದ್ದಾರೋ ಇಲ್ಲವೋ, ಕೊನೆಗೆ ಪದಕೋಶ ಇದೆಯೋ ಇಲ್ಲವೋ. ಕನ್ನಡ ಪುಸ್ತಕ ಪ್ರಾಧಿಕಾರ, ಕನ್ನಡ ಮತ್ತು ಸಂಸ್ಕೃತಿ ಇಲಾಖೆ, ವಿಶ್ವವಿದ್ಯಾಲಯಗಳ ಪ್ರಸಾರಾಂಗದ ಪ್ರತಿಗಳು ಅಗ್ಗ, ಒಳ್ಳೆಯವೂ ಹೌದು. ತೊಂದರೆ ಒಂದೇ, ಮುಗಿದರೆ ಮತ್ತೆ ಬರಲು ವರ್ಷಗಟ್ಟಲೆ ಕಾಯಬೇಕು. ಸಿಕ್ಕಾಗ ಕೊಂಡಿಡಿ. ಕೊಳ್ಳುವ ಮೊದಲು ಜಿಲ್ಲಾ ಗ್ರಂಥಾಲಯದಲ್ಲೂ ಹುಡುಕಿ. ನಾವು ಕಟ್ಟುವ ಮನೆ ತೆರಿಗೆಯ ಜೊತೆ ಶೇಕಡಾ 6 ಗ್ರಂಥಾಲಯ ಕರ ಕಟ್ಟುತ್ತೇವೆ. ಆ ಪುಸ್ತಕಗಳ ಮೇಲೆ ನಮಗೆ ಹಕ್ಕಿದೆ.

ರದ್ದಿ ಅಂಗಡ್ಯಾಗ ಸಿಕ್ಕದ, ಮೊದಲನೇ ಹಾಳಿ ಹರದದ. ಎಷ್ಟ್ ಹಳೇದು ಅಂತ ಹ್ಯಾಂಗ ತಿಳೀಬೇಕು?

ಬೆಲೆ ಹುಡುಕಿ. ಹಿಂದಿನ ರಟ್ಟಿನ ಮೇಲೋ ಜಾಹೀರಾತಿನ ಪುಟದಲ್ಲೋ ಇರುತ್ತದೆ. ‘1–8–0’ ಅಂತ ಮೂರು ಅಂಕಿ ಇದ್ದರೆ ಅದು ರೂಪಾಯಿ, ಆಣೆ, ಪೈ. ನಯಾ ಪೈಸೆ ಬಂದದ್ದು 1957ರ ಏಪ್ರಿಲ್‌ನಲ್ಲಿ, ಅಂದರೆ ಪುಸ್ತಕ ಸಾಮಾನ್ಯವಾಗಿ ಅದಕ್ಕಿಂತ ಹಿಂದಿನದು. ನಮ್ಮ ಭಾಗದಲ್ಲಿ ಇನ್ನೊಂದು ಗುರುತು ಸಿಗಬಹುದು. ನಿಜಾಮರ ರಾಜ್ಯದಲ್ಲಿ ಅವರದೇ ನಾಣ್ಯ ಹಾಲಿ ಸಿಕ್ಕಾ ಬೇರೆ, ಬ್ರಿಟಿಷರ ನಾಣ್ಯ ಕಲ್ದಾರ್ ಬೇರೆ. ಎರಡು ಬೆಲೆ ಅಚ್ಚಾಗಿದ್ದರೆ ಅಥವಾ ‘ಹಾಲಿ’ ಅಂತ ಇದ್ದರೆ ಈ ಸೀಮೆಯಲ್ಲಿ ಮಾರಲು ತಂದ ಪ್ರತಿ ಅನ್ನಬಹುದು. ಅಂಥದ್ದು ಸಿಕ್ಕರೆ ರದ್ದಿಗೆ ಮಾತ್ರ ಹಾಕಬೇಡಿ.

ಊರಿನ ಹೆಸರೂ ಸಹಾಯ ಮಾಡುತ್ತದೆ. ‘ಮೈಸೂರು ರಾಜ್ಯ’ ಅಂತ ಇದ್ದರೆ 1973ರ ನವೆಂಬರ್‌ಗಿಂತ ಮೊದಲಿನದು. ಧಾರವಾಡಕ್ಕೆ ‘ಮುಂಬಯಿ ಪ್ರಾಂತ’ ಅಂತ ಸೇರಿಸಿದ್ದರೆ ಇನ್ನೂ ಹಳೆಯದು. ಧಾರವಾಡದ ಪ್ರಕಾಶನ ಮನೋಹರ ಗ್ರಂಥಮಾಲೆಯ ಪುಸ್ತಕವಾದರೆ 1933ಕ್ಕಿಂತ ಹಿಂದೆ ಹೋಗುವುದಿಲ್ಲ, ಆ ಮಾಲೆ ಶುರುವಾದದ್ದೇ ಆಗ.

ಅಜ್ಜಾರ ಟ್ರಂಕಿನ್ಯಾಗಿನ ಪುಸ್ತಕಕ್ಕ ಒರಲಿ ಹತ್ಯಾವ. ಹಾಳಿ ಮುಟ್ಟಿದ್ರ ಮುರೀತಾವ. ಏನ್ ಮಾಡ್ಲಿ?

ಮೊದಲು ಟ್ರಂಕನ್ನು ಗೋಡೆ, ನೆಲದಿಂದ ದೂರ ಇಡಿ. ಗೆದ್ದಲು ಮಣ್ಣಿನ ದಾರಿ ಮಾಡಿಕೊಂಡೇ ಬರುತ್ತವೆ. ಹುಳ ಹತ್ತಿದ ಪುಸ್ತಕ ಬೇರೆ ಮಾಡಿ, ಮೆತ್ತನೆಯ ಬ್ರಷ್ಷಿನಿಂದ ಒರೆಸಿ. ಬಿಸಿಲಿಗೆ ಹರವಬೇಡಿ. ನಮ್ಮ ಏಪ್ರಿಲ್, ಮೇ ಬಿಸಿಲು 40 ಡಿಗ್ರಿ ದಾಟುತ್ತದೆ, ಹಳೇ ಕಾಗದ ಇನ್ನಷ್ಟು ಒಣಗಿ ಪುಡಿಯಾಗುತ್ತದೆ. ನೆರಳಲ್ಲಿ ಗಾಳಿಗೆ ಇಡಿ.

ಹಾಳೆ ಮುರಿಯುವುದು ವಯಸ್ಸಿನಿಂದ ಮಾತ್ರ ಅಲ್ಲ. ಮರದ ತಿರುಳಿನಿಂದ ಮಾಡಿದ ಅಗ್ಗದ ಕಾಗದದಲ್ಲಿ ಆಮ್ಲ ಇರುತ್ತದೆ, ಅದು ಒಳಗೊಳಗೇ ಕಾಗದವನ್ನು ಸುಡುತ್ತದೆ. ಅದಕ್ಕೇ ನೂರು ವರ್ಷದ ಹತ್ತಿ ಚಿಂದಿಯ ಕಾಗದ ಗಟ್ಟಿಯಾಗಿದ್ದು, 1950ರ ಪುಸ್ತಕ ಹಳದಿಯಾಗಿ ಉದುರುತ್ತದೆ. ಸೆಲ್ಲೋ ಟೇಪ್ ಹಚ್ಚಬೇಡಿ. ಕೆಲವು ವರ್ಷಕ್ಕೆ ಅಂಟು ಕಂದಾಗಿ ಅಕ್ಷರವನ್ನೇ ತಿನ್ನುತ್ತದೆ. ಲ್ಯಾಮಿನೇಷನ್ ಅಂತೂ ಬೇಡವೇ ಬೇಡ. ಬಿಳಿ ಬಟ್ಟೆಯಲ್ಲಿ ಸುತ್ತಿ, ಬೇವಿನ ಒಣ ಎಲೆ ಬಟ್ಟೆಯ ಹೊರಗೆ ಇಡಿ. ತಾಳೆಗರಿ ಅಥವಾ ಕೈಬರಹದ ಕಟ್ಟು ಇದ್ದರೆ ನೀವೇ ಏನೂ ಮಾಡಲು ಹೋಗಬೇಡಿ. ವಿಶ್ವವಿದ್ಯಾಲಯದ ಕನ್ನಡ ವಿಭಾಗದವರಿಗೆ ತೋರಿಸಿ.

ಹಳೇ ಪುಸ್ತಕ ಮೊಬೈಲ್‌ನ್ಯಾಗ ಸ್ಕ್ಯಾನ್ ಮಾಡಿ ಗ್ರೂಪಿಗೆ ಹಾಕಿದ್ರ ನಡೀತದಾ? ಎಲ್ಲಾರೂ ಹಾಕ್ತಾರಲ್ಲ.

ಎಲ್ಲರೂ ಹಾಕುತ್ತಾರೆ, ನಿಜ. ಎಲ್ಲವೂ ನಡೆಯುವುದಿಲ್ಲ. ನಮ್ಮ ದೇಶದ ಕಾಯಿದೆ ಪ್ರಕಾರ ಲೇಖಕರು ತೀರಿಕೊಂಡ ಮುಂದಿನ ವರ್ಷದಿಂದ ಲೆಕ್ಕ ಹಾಕಿ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ. ಪುಸ್ತಕ ಎಷ್ಟು ಹಳೆಯದು ಅನ್ನುವುದು ಮುಖ್ಯವಲ್ಲ, ಬರೆದವರು ಯಾವಾಗ ತೀರಿಕೊಂಡರು ಅನ್ನುವುದು ಮುಖ್ಯ. ಎಂ.ಎಸ್. ಪುಟ್ಟಣ್ಣ, ಪಂಜೆ, ಗಳಗನಾಥ, ಬಿ.ಎಂ.ಶ್ರೀ ಇವರ ಬರಹ ಈಗ ಎಲ್ಲರದು. ಹಳಕಟ್ಟಿ, ಆಲೂರ ವೆಂಕಟರಾಯರು ಇಬ್ಬರೂ 1964ರಲ್ಲಿ ತೀರಿಕೊಂಡರು, ಹಾಗಾಗಿ 2025ರ ಜನವರಿಯಿಂದ ಅವರ ಬರಹವೂ ಮುಕ್ತ. ಕುವೆಂಪು 1994, ಕಾರಂತ 1997. ‘ಚೋಮನ ದುಡಿ’ 1933ರ ಪುಸ್ತಕವಾದರೂ 2057ರ ಕೊನೆಯವರೆಗೆ ಅದಕ್ಕೆ ಹಕ್ಕಿದೆ. ಅದನ್ನು ಕೊಂಡು ಓದಿ, ಬೆಲೆಯೂ ಜಾಸ್ತಿ ಇಲ್ಲ.

ವಚನಕಾರರ ಮಾತಿಗೆ ಹಕ್ಕುಸ್ವಾಮ್ಯ ಇಲ್ಲ. ಆದರೆ ಸಂಪಾದಕರ ಮುನ್ನುಡಿ, ಟಿಪ್ಪಣಿ, ಗದ್ಯಾನುವಾದಕ್ಕೆ ಇರುತ್ತದೆ. ಅನುವಾದವಾದರೆ ಮೂಲ ಲೇಖಕರು ಮತ್ತು ಅನುವಾದಕರು, ಇಬ್ಬರ ಲೆಕ್ಕವನ್ನೂ ನೋಡಬೇಕು. ಮುಕ್ತವಾದ ಪುಸ್ತಕ ನಿಮ್ಮ ಹತ್ತಿರ ಇದ್ದರೆ ವಾಟ್ಸ್ಯಾಪ್ ಗ್ರೂಪಿಗೆ ಹಾಕುವ ಬದಲು ಇಂಟರ್ನೆಟ್ ಆರ್ಕೈವ್‌ಗೆ ಹಾಕಿ. ಅದರ ಮೊದಲು ಅಲ್ಲಿ ಆಗಲೇ ಇದೆಯಾ ಅಂತ ಕನ್ನಡ ಅಕ್ಷರದಲ್ಲೂ ಇಂಗ್ಲಿಷ್ ಅಕ್ಷರದಲ್ಲೂ ಹುಡುಕಿ. ಟೈಪ್ ಮಾಡುವ ತಾಳ್ಮೆ ಇದ್ದರೆ ಕನ್ನಡ ವಿಕಿಸೋರ್ಸ್‌ಗೆ ಸೇರಿಸಬಹುದು. ಸ್ಕ್ಯಾನ್ ಮಾಡುವಾಗ ರಕ್ಷಾಪುಟ, ಬೆಲೆ ಇರುವ ಪುಟ, ಹಿಂದಿನ ಜಾಹೀರಾತು ಯಾವುದನ್ನೂ ಬಿಡಬೇಡಿ. ಬೆನ್ನು ಬಿಗಿ ಇದ್ದರೆ ಪುಸ್ತಕವನ್ನು ಪೂರ್ತಿ ಬಿಡಿಸಿ ಒತ್ತಬೇಡಿ. ಅರ್ಧ ತೆರೆದು ಒಂದು ಬದಿಯ ಪುಟಗಳನ್ನೆಲ್ಲ ಮುಗಿಸಿ, ಆಮೇಲೆ ಇನ್ನೊಂದು ಬದಿ ತೆಗೆಯಿರಿ.